ಪಕ್ಕದ ಸೀಟಿನ ಬ್ರೇಕು

ಭಾನುವಾರ, ಹನ್ನೊಂದನೇ ತಾರೀಖು
ಮಧ್ಯಾಹ್ನ, ಹಿತ್ತಲ ಶೆಡ್ಡಿನಿಂದ

ನನಗಿಂತ ಏಳು ವರ್ಷ ಮೊದಲೇ ಹುಟ್ಟಿ ಕಿಟಕಿಯಿರುವ ಕೋಣೆಯನ್ನು ಹಿಡಿದುಕೊಂಡ ಅಕ್ಕನ ಸನ್ನಿಧಾನಕ್ಕೆ,

ತಂಗಿಯೆಂಬ ಪಾಪಿಯ ವಿಜ್ಞಾಪನೆಗಳು. ನಿನ್ನ ಮೂರು ಕಾಗದಗಳೂ ತಲುಪಿವೆ. ಮೂರಕ್ಕೂ ಉತ್ತರ ಬರೆಯದೆ ಇದ್ದದ್ದಕ್ಕೆ ಕಾರಣಗಳ ಪಟ್ಟಿಯೊಂದನ್ನು ಬಹಳ ಯೋಚಿಸಿ ತಯಾರಿಸಿದ್ದೆ. ಅದರ ಮೇಲೆ ಗ್ರೀಸಿನ ಡಬ್ಬ ಇಟ್ಟುಬಿಟ್ಟೆ. ಈಗ ಅದರಲ್ಲಿ ಓದುವಂಥದ್ದು ಏನೂ ಉಳಿದಿಲ್ಲವಾದ್ದರಿಂದ ನಿಜವನ್ನೇ ಹೇಳಬೇಕಾಗಿದೆ: ಸುಸ್ತಾಗಿತ್ತು. ಒಂಬತ್ತು ತಿಂಗಳಿನಿಂದ ಹಗಲೆಲ್ಲ ಕನ್ನಡಕದ ಅಂಗಡಿ, ಸಂಜೆಯೆಲ್ಲ ಈ ಶೆಡ್ಡು. ಉಗುರಿನ ಸಂದಿಯ ಕರಿ ಯಾವ ಸಾಬೂನಿಗೂ ಬಗ್ಗುತ್ತಿಲ್ಲ. ಮೊನ್ನೆ ಒಬ್ಬ ಗಿರಾಕಿ ಕನ್ನಡಕ ಹಾಕಿಕೊಂಡು ನೋಡಿ, "ಚೆನ್ನಾಗಿ ಕಾಣ್ತಿದೆ, ನಿಮ್ಮ ಉಗುರು ಸಮೇತ" ಎಂದು ಹೋದ.

"ಫೋನಿನಲ್ಲಿ ಎರಡು ಮಾತು ಹೇಳಿದ್ದರೆ ಸಾಕಿತ್ತಲ್ಲ" ಎನ್ನುತ್ತೀಯ. ಅಮ್ಮನಿಗೆ ಕಣ್ಣು ಕಡಿಮೆಯಾದಷ್ಟೂ ಕಿವಿ ಚುರುಕಾಗುತ್ತಿದೆ. ನಾನು ಶೆಡ್ಡಿನಲ್ಲಿ ಗೊಣಗಿದರೆ ಅಡುಗೆಮನೆಯಿಂದ ಉತ್ತರ ಬರುತ್ತದೆ. ಕಾಗದಕ್ಕೆ ಮಾತ್ರ ಸದ್ದಿಲ್ಲ.

ಮೊದಲು ಶುಭವಾರ್ತೆ. ಗಾಡಿ ಓಡಿತು. ಮೂವತ್ತನಾಲ್ಕು ವರ್ಷದ ಆ ಮುದುಕಿ, ಇಲಿಗಳು ವೈರನ್ನೆಲ್ಲ ತಿಂದು ತೇಗಿದ ಮೇಲೂ, ಕಳೆದ ಭಾನುವಾರ ತನ್ನ ಸ್ವಂತ ಶಕ್ತಿಯಿಂದ ಮೂರು ಸುತ್ತು ಹಾಕಿತು. ಸರಿಯಾಗಿ ಹೇಳಬೇಕೆಂದರೆ ಎರಡೂ ಮುಕ್ಕಾಲು. ಆ ಕಾಲು ಸುತ್ತಿನ ವಿಚಾರ ಹೇಳುವುದಕ್ಕೇ ಈ ಕಾಗದ. ಆದರೆ ಮುಂದೊಂದು ದಿನ ನಿನ್ನ ಮಗ ದೊಡ್ಡವನಾಗಿ ಇದನ್ನು ಓದಿದರೆ ಅವನಿಗೂ ತಲೆಬುಡ ತಿಳಿಯಲಿ ಎಂದು, ನಿನಗೆ ಗೊತ್ತಿರುವುದನ್ನೂ ಒಂದಿಷ್ಟು ದಾಖಲಿಸುತ್ತೇನೆ. ಸಹಿಸಿಕೋ.

ಕೇಳಪ್ಪ ಮಗರಾಯ. ನಿನ್ನ ಅಜ್ಜಿ ಇಪ್ಪತ್ತಾರು ವರ್ಷ ಡ್ರೈವಿಂಗ್ ಸ್ಕೂಲು ನಡೆಸಿದಳು. ಒಂದು ಬೋರ್ಡು, ಒಂದು ಗಾಡಿ, ಒಬ್ಬಳೇ ಗುರು. ಆ ಗಾಡಿಗೆ ಎರಡು ಬ್ರೇಕು: ಒಂದು ಕಲಿಯುವವರ ಕಾಲಿಗೆ, ಇನ್ನೊಂದು ಪಕ್ಕದ ಸೀಟಿನಲ್ಲಿ ಅಜ್ಜಿಯ ಕಾಲಿಗೆ. ಊರಿನ ಅರ್ಧ ಜನ ಆ ಎರಡನೇ ಬ್ರೇಕಿನ ದಯೆಯಿಂದ ಬದುಕಿದ್ದಾರೆ, ಉಳಿದರ್ಧ ಜನ ಅವರ ಗಾಡಿಗೆ ಅಡ್ಡ ಬಂದಿದ್ದರೂ ಬದುಕಿದ್ದಾರೆ. ನಿನ್ನ ತಾಯಿಗೂ ಅವಳೇ ಕಲಿಸಿದ್ದು. ಬಾಕಿ ಉಳಿದವಳು ನಾನೊಬ್ಬಳು. ನಾನು ಕೇಳಿದಾಗಲೆಲ್ಲ, "ನೀನು ಮೊದಲು ನೆಟ್ಟಗೆ ಕೂತ್ಕೊಳ್ಳೋದು ಕಲಿ" ಎನ್ನುತ್ತಿದ್ದಳು. ಹೀಗೆ ಮುಂದಕ್ಕೆ ಹಾಕುತ್ತ ಹಾಕುತ್ತ ಎರಡು ವರ್ಷದ ಹಿಂದೆ ಸ್ಕೂಲೇ ಮುಚ್ಚಿತು, ಗಾಡಿ ಶೆಡ್ಡು ಸೇರಿತು.

ಕಣ್ಣಿನ ವಿಚಾರ ಹೊರಬಿದ್ದದ್ದು ನನ್ನ ಕಪಿಚೇಷ್ಟೆಯಿಂದ. ನಮ್ಮ ಅಂಗಡಿಯ ಗೋಡೆಯಲ್ಲಿರುವ ಅಕ್ಷರದ ಫಲಕವನ್ನು ಅಮ್ಮ ಬಂದಾಗಲೆಲ್ಲ ಕಡೆಯ ಸಾಲಿನವರೆಗೂ ಗಡಗಡ ಓದಿ, "ಏನಾದ್ರೂ ಕೊರೆ ಇದ್ರೆ ಹೇಳಿ" ಎಂದು ನನ್ನ ಮಾಲೀಕರಿಗೇ ಸವಾಲು ಹಾಕುತ್ತಿದ್ದಳು. ಒಂದು ದಿನ ಮಾಲೀಕರನ್ನು ಪೇಚಿಗೆ ಸಿಕ್ಕಿಸೋಣವೆಂದು ನಾನು ಫಲಕ ಇಳಿಸಿ ಆ ಜಾಗದಲ್ಲಿ ಹಳೇ ಕ್ಯಾಲೆಂಡರು ತೂಗುಹಾಕಿದೆ. ಅಷ್ಟರಲ್ಲಿ ಅಮ್ಮ ಬಂದಳು, ಕುರ್ಚಿಯಲ್ಲಿ ಕೂತಳು, ಕ್ಯಾಲೆಂಡರಿನ ಕಡೆ ನೋಡುತ್ತ ಫಲಕದ ಅಕ್ಷರಗಳನ್ನೆಲ್ಲ ಒಂದೂ ತಪ್ಪದೆ ಹೇಳಿದಳು. ನನ್ನ ಜೀವಮಾನದ ತಮಾಷೆಗಳಲ್ಲಿ ಯಾರೂ ನಗದೇ ಇದ್ದದ್ದು ಅದೊಂದೇ.

ಕಣ್ಣಿನ ಡಾಕ್ಟರು ಹೇಳಿದ್ದು ನಿನಗೆ ಗೊತ್ತು. ಎದುರಿಗೆ ನೋಡಿದರೆ ನಡುವೆ ಒಂದು ಮಸಿ, ಅಂಚಿನಲ್ಲಿ ಮಾತ್ರ ಎಲ್ಲ ಕಾಣುತ್ತದೆ. ಓದು ಬರಹ ಮುಗಿದ ಹಾಗೆ. ಮಸಿ ಬೆಳೆಯುತ್ತ ಹೋಗುತ್ತದೆ. ಒಂದು ವರ್ಷ, ಹೆಚ್ಚೆಂದರೆ ಒಂದೂವರೆ. ಬಸ್ಸಿನಲ್ಲಿ ವಾಪಸು ಬರುವಾಗ ಅಮ್ಮ ಕೋಳಿಯ ಹಾಗೆ ಕತ್ತು ಓರೆ ಮಾಡಿ ನನ್ನನ್ನು ನೋಡಿ, "ಹಾಗಾದ್ರೆ ನಿಂಗೆ ಕಲಿಸೋಕೆ ಒಂದು ವರ್ಷ ಇದೆ ಅನ್ನು" ಎಂದಳು.

"ನಿನ್ನ ಕಣ್ಣಿನ ಮಾತು ಆಡ್ತಿದ್ರೆ ನೀನು ನನ್ನ ಮಾತು ಆಡ್ತೀಯಲ್ಲಮ್ಮ."

"ರಸ್ತೆ ಬೇಡ. ಮುಚ್ಚಿದ ಗಿರಣಿ ಅಂಗಳ ಖಾಲಿ ಇದೆ, ಅಲ್ಲಿ. ಆದ್ರೆ ನನ್ನ ಗಾಡೀಲೇ. ಬೇರೆ ಗಾಡೀಲಿ ನನ್ನ ಕಾಲಿಗೆ ಏನು ಕೆಲಸ?"

ಅಕ್ಕ, ಈ ಒಂಬತ್ತು ತಿಂಗಳ ಒದ್ದಾಟ ಇಷ್ಟಕ್ಕೇ. ಅವಳ ಕಣ್ಣಿನಲ್ಲಿ ಅಂಚಾದರೂ ಉಳಿದಿರುವಾಗ ಗಾಡಿ ಎದ್ದು ನಿಲ್ಲಬೇಕು, ಅವಳು ಪಕ್ಕದಲ್ಲಿ ಕೂತು ನನಗೆ ಕಲಿಸಬೇಕು. ಚಕ್ರ ತಿರುಗಿಸಲು ಬಾರದವಳು ಗಾಡಿ ಕಟ್ಟಲು ಹೊರಟಳೆಂದು ಬೀದಿಯವರೆಲ್ಲ ನಕ್ಕರು. ನಾನೂ ನಕ್ಕೆ, ಮೊದಲ ಎರಡು ತಿಂಗಳು.

ಆಮೇಲೆ ಬಂದವರು ಹಳೇ ಗಾಡಿಗಳ ಗೆಳೆಯರ ಬಳಗದವರು. ಯಾರೋ ಹೇಳಿ ಒಂದು ಭಾನುವಾರ "ಸುಮ್ನೆ ನೋಡ್ಕೊಂಡು ಹೋಗ್ತೀವಿ" ಎಂದು ಒಳಗೆ ಬಂದ ಮೂವರು ಆಮೇಲೆ ಒಂದು ಭಾನುವಾರವನ್ನೂ ಬಿಡಲಿಲ್ಲ. ಒಬ್ಬರು ನಿವೃತ್ತ ಗಣಿತದ ಮೇಷ್ಟ್ರು. ಈ ಮಾದರಿಯ ಗಾಡಿಯ ಕಾರ್ಖಾನೆ ಪುಸ್ತಕ ಅವರಿಗೆ ಕಂಠಪಾಠ. ಮೂಲದಲ್ಲಿ ಇಲ್ಲದ ಒಂದು ತಿರುಪು ಕಂಡರೂ ಅವರಿಗೆ ಊಟ ಸೇರದು. ಇನ್ನೊಬ್ಬರು ಹಲ್ಲಿನ ಡಾಕ್ಟರು. ನಮ್ಮ ಗಾಡಿಯ ಬಾನೆಟ್ ಎತ್ತುವಾಗಲೂ ಆಯಮ್ಮ ಅಭ್ಯಾಸಬಲದಿಂದ "ಸ್ವಲ್ಪ ಬಾಯಿ ತೆಗೀರಿ" ಎನ್ನುತ್ತಾರೆ. ತುಕ್ಕು ಹಿಡಿದ ತೂತನ್ನು ಪುಟ್ಟ ಕನ್ನಡಿ ಹಿಡಿದು ನೋಡಿ, ಕೆರೆದು, ಹುಳುಕು ಹಲ್ಲಿನ ಹಾಗೆ ತುಂಬುತ್ತಾರೆ. ಮೂರನೆಯವರು ತಗಡಿನ ಮಾವ. ನೀರಿನ ಟ್ಯಾಂಕು ಮಾಡುತ್ತಿದ್ದವರು. ಅವರು ಮಾತಾಡುವುದಿಲ್ಲ, ಬಡಿಯುತ್ತಾರೆ.

ಈ ಮಹಾಸಭೆಯ ಕಲಾಪಗಳನ್ನು ವರ್ಣಿಸಲು ನನಗೀಗ ತ್ರಾಣವಿಲ್ಲ. ಒಂದು ಮಾದರಿ ಮಾತ್ರ ಕೊಡುತ್ತೇನೆ. ಹಲ್ಲಿನ ಡಾಕ್ಟರು ಮುಂದಿನ ಚಕ್ರಗಳಿಗೆ ಹೊಸ ನಮೂನೆಯ ಡಿಸ್ಕ್ ಬ್ರೇಕು, ಸೀಟಿಗೆ ಬೆಲ್ಟು, ಒಂದೇ ತಿರುವಿಗೆ ಸ್ಟಾರ್ಟ್ ಆಗುವ ಎಲೆಕ್ಟ್ರಾನಿಕ್ ಪೆಟ್ಟಿಗೆ ಹಾಕಬೇಕೆಂದರು.

ಮೇಷ್ಟ್ರು, "ಹುಟ್ಟಿದಾಗ ಇಲ್ಲದ್ದು ಈಗ ಯಾಕೆ?" ಎಂದರು.

"ನಿಮ್ಮ ಬಾಯಲ್ಲಿರೋ ಮುಂದಿನ ನಾಲ್ಕು ಹುಟ್ಟಿದಾಗ ಇತ್ತಾ ಮೇಷ್ಟ್ರೇ? ಕೂರಿಸ್ದೋಳು ನಾನು."

ಮೇಷ್ಟ್ರು ಆ ನಾಲ್ಕನ್ನೂ ಮುಚ್ಚಿಕೊಂಡು ಡಿಸ್ಕ್ ಬ್ರೇಕಿಗೆ ಒಪ್ಪಿದರು. ಪೆಟ್ಟಿಗೆಗೆ ಒಪ್ಪಲು ಇನ್ನೂ ಆರು ಭಾನುವಾರ ತೆಗೆದುಕೊಂಡರು. ಆ ಬ್ರೇಕಿನ ಪೈಪಿನಿಂದ ಗಾಳಿ ತೆಗೆಯಲು ನಾನು ಹನ್ನೊಂದು ಸಲ ಗಾಡಿಯ ಕೆಳಗೆ ಮಲಗಿದ್ದೇನೆ. ಹನ್ನೊಂದನೆಯ ಸಲ ಅಲ್ಲೇ ನಿದ್ದೆ ಹೋಗಿದ್ದೆ. ತಗಡಿನ ಮಾವ ಕಾಲು ಹಿಡಿದು ಎಳೆದರು.

ಮೇಷ್ಟ್ರದ್ದೇ ಇನ್ನೊಂದು ಶಾಸನ ಚೀಟಿಯದ್ದು. ಗಾಡಿಯಿಂದ ಏನೇ ಬಿಚ್ಚಿದರೂ ಬಿಚ್ಚಿದವರೇ ದಪ್ಪ ಅಕ್ಷರದಲ್ಲಿ ಚೀಟಿ ಬರೆದು ಕಟ್ಟಬೇಕು: ಏನು, ಎಲ್ಲಿಂದ, ಯಾರು, ಯಾಕೆ. "ಯಾಕೆ ಅಂತ ಬರೀದೆ ಇರೋ ಚೀಟಿ ಚೀಟೀನೇ ಅಲ್ಲ. ಕೈ ಮರೆಯುತ್ತೆ, ಕಾಗದ ಮರೆಯಲ್ಲ" ಎನ್ನುವರು. ನಾನು ಹಾರನ್ನಿಗೆ "ಯಾಕೆ: ಮನೆಯೊಡತಿಯ ಹಾಗೆ ಕಾರಣವಿಲ್ಲದೆ ಕೂಗುತ್ತಿತ್ತು" ಎಂದು ಬರೆದು ಕಟ್ಟಿದರೆ ಮುಂದಿನ ವಾರ ಅದರ ಮೇಲೆ ಕೆಂಪು ಶಾಯಿಯಲ್ಲಿ "ಪುನಃ ಬರೆಯಿರಿ" ಎಂದು ಇರುತ್ತಿತ್ತು. ಒಂದೊಂದನ್ನೂ ಬಿಡದೆ ಓದುತ್ತಿದ್ದರು, ಪುಣ್ಯಾತ್ಮ.

ಈ ನಡುವೆ ಪಕ್ಕದ ಸೀಟಿನ ಬ್ರೇಕೂ ಹೋಯಿತು. ಅದು ಕಾರ್ಖಾನೆಯಿಂದ ಬಂದದ್ದಲ್ಲ, ಅಮ್ಮ ಆಮೇಲೆ ಕೂರಿಸಿಕೊಂಡದ್ದು. ಮೂಲದಲ್ಲಿ ಇರಲಿಲ್ಲ.

ಕೈ ಸೋಲುತ್ತಿದೆ. ನಿಲ್ಲಿಸುತ್ತೇನೆ.

ಮಂಗಳವಾರ, ಅಂಗಡಿಯಲ್ಲಿ, ಊಟದ ಬಿಡುವು

ಮಾಲೀಕರು ಮಲಗಿದ್ದಾರೆ. ನಲವತ್ತು ಜೊತೆ ಖಾಲಿ ಕನ್ನಡಕಗಳು ನನ್ನನ್ನೇ ನೋಡುತ್ತಿವೆ. ಇವುಗಳ ಸಾಕ್ಷಿಯಾಗಿ ಮುಂದುವರಿಸುತ್ತೇನೆ.

ಹೋದ ಭಾನುವಾರ, ನಾಲ್ಕನೇ ತಾರೀಖು, ಬೆಳಿಗ್ಗೆ ಏಳಕ್ಕೆಲ್ಲ ಗಿರಣಿಯ ಅಂಗಳದಲ್ಲಿದ್ದೆವು. ಗಾಡಿಯನ್ನು ಅಲ್ಲಿಯವರೆಗೆ ತಂದವರು ಮೇಷ್ಟ್ರು. ಅಮ್ಮ ಸ್ಕೂಲಿನ ಕಾಲದ ಮುಚ್ಚಿದ ಬೂಟು ಹಾಕಿದ್ದಳು. ಅದಕ್ಕೆ ಪಾಲಿಶ್ ಬೇರೆ. ಒಂದು ಬೂಟಿಗೆ ಕರಿ, ಇನ್ನೊಂದಕ್ಕೆ ಕಂದು. ನಾವ್ಯಾರೂ ಹೇಳಲಿಲ್ಲ. ಗಾಡಿಯ ಸುತ್ತ ಒಂದು ಸುತ್ತು ಬಂದು, ನೆತ್ತಿ ಸವರಿ, ಬಾಗಿಲು ತೆಗೆದು ಮುಚ್ಚಿ ಸದ್ದು ಕೇಳಿ, "ತಗಡು ಗಟ್ಟಿಯಾಗಿದೆ" ಎಂದಳು. ತಗಡಿನ ಮಾವ ಅದನ್ನು ಕೇಳಿ ಆಕಡೆ ತಿರುಗಿ ನಿಂತರು.

ಅವಳು ಪಕ್ಕದ ಸೀಟಿನಲ್ಲಿ ಕೂತಳು. ನಾನು ಸ್ಟೀರಿಂಗಿನ ಹಿಂದೆ. ಬೆಲ್ಟು ಹಾಕಿಕೊಂಡ ಕೂಡಲೇ ಅವಳ ದನಿಯೇ ಬದಲಾಯಿತು ಅಕ್ಕ. ನೀನು ಕೇಳಿದ್ದೀಯ ಆ ದನಿ, ನನ್ನ ಕಡೆ ತಿರುಗಿದ್ದು ಅದೇ ಮೊದಲು.

"ಕನ್ನಡಿ ನೋಡು. ಗೇರು ನ್ಯೂಟ್ರಲ್. ಕ್ಲಚ್ಚು ಪೂರ್ತಿ ಒತ್ತು. ಭುಜ ಇಳಿಸು, ಯಾರೂ ನಿನ್ನ ಅಟ್ಟಿಸ್ಕೊಂಡು ಬರ್ತಿಲ್ಲ."

ಎರಡು ಸಲ ಆಫ್ ಆಯಿತು.

"ಆಗ್ಲಿ. ಎಲ್ಲಾರ್ದೂ ಆಗುತ್ತೆ. ನಿಮ್ಮಕ್ಕಂದು ಒಂಬತ್ತು ಸಲ ಆಗಿತ್ತು."

ಒಂಬತ್ತು. ನಾಲ್ಕು ಎಂದು ಹೇಳಿಕೊಂಡು ತಿರುಗಿದ್ದೀಯ, ನನ್ನ ಗಮನಕ್ಕೆ ಬಂದಿದೆ.

ಮೂರನೆಯ ಸಲ ಗಾಡಿ ಕದಲಿತು. ಅಮ್ಮ ಕತ್ತು ಓರೆ ಮಾಡಿ ಅಂಗಳದ ಅಂಚನ್ನು ಹಿಡಿದುಕೊಂಡು, "ಎಡಕ್ಕೆ. ಇನ್ನೂ. ಇನ್ನೂ. ಸಾಕು, ಬಿಡು, ಚಕ್ರ ತಾನಾಗೇ ಬರುತ್ತೆ" ಎನ್ನುತ್ತಿದ್ದಳು, ಚಕ್ರ ತಾನಾಗೇ ಬರುತ್ತಿತ್ತು. ಒಂದು ಸುತ್ತು. ಎರಡು. ಹಲ್ಲಿನ ಡಾಕ್ಟರು ಕೈ ಬೀಸಿದರು. ನನ್ನ ಬೆನ್ನಿನಲ್ಲಿ ಒಂಬತ್ತು ತಿಂಗಳಿನಿಂದ ಕೂತಿದ್ದ ನೋವು ಎದ್ದು ಹೊರಗೆ ಹೋದ ಹಾಗಾಯಿತು. ಇನ್ನು ದಿನಾ ಬೆಳಿಗ್ಗೆ ಬರಬಹುದು ಎಂದುಕೊಂಡೆ. ರಸ್ತೆಗೆ ಹೋಗದಿದ್ದರೂ ಆಯಿತು, ಈ ಅಂಗಳದಲ್ಲೇ ಉಳಿದಷ್ಟು ತಿಂಗಳು ಸುತ್ತಿಕೊಂಡಿರಬಹುದು.

ಮೂರನೆಯ ಸುತ್ತಿನ ಕೊನೆಯ ತಿರುವಿನಲ್ಲಿ ಧಪ್ ಎಂದು ಸದ್ದಾಯಿತು. ಅಮ್ಮನ ಕಾಲು. ಇನ್ನೊಮ್ಮೆ ಧಪ್. ಆಮೇಲೆ ನನಗೆ ಕಂಡಿತು: ಖಾಲಿ ಸಿಮೆಂಟು ಚೀಲವೊಂದು ಗಾಳಿಗೆ ಹೊರಳಿಕೊಂಡು ಗಾಡಿಗೆ ಅಡ್ಡ ಬರುತ್ತಿತ್ತು. ನಾನು ಬ್ರೇಕನ್ನು ಸಿಕ್ಕಾಪಟ್ಟೆ ತುಳಿದೆ. ಗಾಡಿ ಮುಗ್ಗರಿಸಿ ನಿಂತಿತು. ಚೀಲ ತನ್ನ ಪಾಡಿಗೆ ಹೋಯಿತು.

ಅಮ್ಮ ಬಗ್ಗಿ ಕೈಯಿಂದ ನೆಲ ತಡಕುತ್ತಿದ್ದಳು. ಹೊಸ ಮ್ಯಾಟು ಎತ್ತಿದಳು. ಬೋಲ್ಟು ತೆಗೆದು ಮುಚ್ಚಿದ್ದ ನಾಲ್ಕು ತೂತುಗಳ ಮೇಲೆ ಒಂದೊಂದಾಗಿ ಬೆರಳಿಟ್ಟಳು.

"ಇಲ್ಲಿತ್ತಲ್ಲ."

"ತೆಗೆದಿದೆ ಅಮ್ಮ."

"ಯಾರು?"

ನಾನು ಮ್ಯಾಟನ್ನು ಮತ್ತೆ ನೆಟ್ಟಗೆ ಹಾಸಿದೆ. ಅವಳು ಬಾಗಿಲು ತೆಗೆದು ಇಳಿದು ಹೋಗಿ ಹಿಂದಿನ ಸೀಟಿನಲ್ಲಿ ಕೂತಳು. ಮೇಷ್ಟ್ರು ಮನೆಯವರೆಗೆ ಓಡಿಸಿಕೊಂಡು ಬಂದರು. ಶೆಡ್ಡಿಗೆ ಬಂದ ಮೇಲೆ, "ಚೀಟಿ ಇರ್ಬೇಕಲ್ಲ. ತಗೊಂಡು ಬಾ, ಓದು" ಎಂದಳು. ಬಳಗದ ಮೂವರೂ ಅಲ್ಲೇ ಇದ್ದರು. ನಾನು ಶೆಲ್ಫಿನಿಂದ ಆ ಬ್ರೇಕು ತೆಗೆದು ತಂದು ಚೀಟಿ ಓದಿದೆ.

"ಏನು: ಎರಡನೇ ಬ್ರೇಕು. ಎಲ್ಲಿಂದ: ಪಕ್ಕದ ಸೀಟಿನ ಮುಂದಿನಿಂದ. ಯಾರು: ಮೇಷ್ಟ್ರು. ಯಾಕೆ: ಮೂಲದಲ್ಲಿ ಇರಲಿಲ್ಲ."

ಮೇಷ್ಟ್ರು ಬಟ್ಟೆಯಿಂದ ಕೈ ಒರೆಸಿಕೊಳ್ಳುತ್ತಿದ್ದವರು ನಿಲ್ಲಿಸಿದರು. ನನ್ನ ಮುಖ ನೋಡಿದರು. ಮತ್ತೆ ಒರೆಸಿಕೊಳ್ಳತೊಡಗಿದರು.

"ಹೌದಮ್ಮ" ಎಂದರು. "ತಪ್ಪಾಯ್ತು."

"ಮೂಲದಲ್ಲಿ ಇರ್ಲಿಲ್ಲ, ನಿಜ" ಎಂದಳು ಅಮ್ಮ. "ನಾನೂ ಇರ್ಲಿಲ್ಲ ಮೇಷ್ಟ್ರೇ. ಇಪ್ಪತ್ತಾರು ವರ್ಷ ಅದರ ಮೇಲೆ ಕಾಲಿಟ್ಟು ಕೂತಿದೀನಿ. ನನ್ನ ಒಂದು ಮಾತು ಕೇಳ್ಬೋದಿತ್ತು."

ತಗಡಿನ ಮಾವ ಒಂಬತ್ತು ತಿಂಗಳಲ್ಲಿ ಮೊದಲ ಸಲ ಉದ್ದದ ವಾಕ್ಯ ಆಡಿದರು: "ಅರ್ಧ ದಿನದ ಕೆಲ್ಸ ಅಕ್ಕಾವ್ರೇ, ಇವತ್ತೇ ವಾಪಸ್ ಕೂರಿಸ್ತೀನಿ."

"ಬೇಡ. ತೆಗೆದೋರಿಗೆ ಒಂದು ಕಾರಣ ಇತ್ತಲ್ಲ, ಇರ್ಲಿ." ಆಮೇಲೆ ನನ್ನ ಕಡೆಗೆ, "ಊರಲ್ಲಿ ಬೇಕಾದಷ್ಟು ಸ್ಕೂಲಿವೆ. ಯಾವುದಕ್ಕಾದ್ರೂ ಸೇರ್ಕೋ" ಎಂದು ಬ್ರೇಕನ್ನು ಚೀಟಿ ಸಮೇತ ನನ್ನ ಕೈಯಿಂದ ತೆಗೆದುಕೊಂಡು ಒಳಗೆ ಹೋದಳು.

ಅಂದಿನಿಂದ ಅವಳು ಶೆಡ್ಡಿನ ಕಡೆ ಬಂದಿಲ್ಲ. ಮೊನ್ನೆ ಭಾನುವಾರ ಬಳಗದವರೂ ಬರಲಿಲ್ಲ. ಹಲ್ಲಿನ ಡಾಕ್ಟರಿಗೆ ಫೋನು ಮಾಡಿದರೆ, "ಮೇಷ್ಟ್ರು ಇಲ್ದೆ ಹೇಗಮ್ಮ ಬರೋದು" ಎಂದರು. ಗಾಡಿ ಮಾತ್ರ ಮದುಮಗಳ ಹಾಗೆ ಹೊಳೆಯುತ್ತ ನಿಂತಿದೆ, ಒಂದೇ ತಿರುವಿಗೆ ಸ್ಟಾರ್ಟ್ ಆಗುತ್ತದೆ. ನಾನು ಸಂಜೆ ಹೋಗಿ ಸ್ಟಾರ್ಟ್ ಮಾಡುತ್ತೇನೆ, ಐದು ನಿಮಿಷ ಬಿಟ್ಟು ಆಫ್ ಮಾಡುತ್ತೇನೆ. ಇನ್ನೇನು ಮಾಡಬೇಕೋ ತಿಳಿಯದು.

ನೀನು ಮುಂದಿನ ತಿಂಗಳು ಮೂರಕ್ಕೆ ಮಗುವನ್ನು ಕರೆದುಕೊಂಡು ಬರುವುದು ಗಟ್ಟಿ ತಾನೆ? ಅಮ್ಮ ದಿನ ಎಣಿಸುತ್ತಿದ್ದಾಳೆ. ಚಿಕ್ಕವಳು ದೊಡ್ಡವಳಿಗೆ ಆಶೀರ್ವಾದ ಮಾಡುವ ಹಾಗಿಲ್ಲವಾದ್ದರಿಂದ ನನ್ನ ದಾಸ್ತಾನನ್ನೆಲ್ಲ ನಿನ್ನ ಮಗನಿಗೇ ಕಳಿಸುತ್ತಿದ್ದೇನೆ: ಹಲ್ಲು ಸಾಲಾಗಿ ಬರಲಿ, ನಿದ್ದೆ ಸೊಂಪಾಗಿ ಬರಲಿ, ಅವನಿಗೆ ಒಬ್ಬ ತಂಗಿ ಹುಟ್ಟದಿರಲಿ. ಭಾವನಿಗೆ ನಮಸ್ಕಾರ, ಹೋದ ಸಲ ಅವರ ಬೂಟಿನೊಳಗೆ ಕಪ್ಪೆ ಇಟ್ಟದ್ದು ನಾನಲ್ಲ ಎಂಬ ಹೇಳಿಕೆಯನ್ನು ಈ ಮೂಲಕ ಹಿಂತೆಗೆದುಕೊಳ್ಳುತ್ತೇನೆ.

ಇತಿ, ನಿನ್ನ
ಕೋತಿ

ಮರೆತ ಮಾತು: ಮರೆತದ್ದಲ್ಲ. ಲಕೋಟೆ ಅಂಟಿಸಿ ಮತ್ತೆ ಹರಿದು ಇದನ್ನು ಸೇರಿಸುತ್ತಿದ್ದೇನೆ. ಇವತ್ತು ಗುರುವಾರ.

ಸ್ಕೂಲು ಮುಚ್ಚಿದ ತಿಂಗಳು ಗಾಡಿ ಕಲಿಯುತ್ತಿದ್ದ ನರ್ಸೊಬ್ಬಳ ಹಲ್ಲು ಮುರಿದದ್ದು ನಿನಗೆ ಗೊತ್ತು. ನಾಯಿ ಅಡ್ಡ ಬಂತು, ಅಮ್ಮ ಬ್ರೇಕು ಹಾಕಿದಳು, ನರ್ಸಿನ ಬಾಯಿ ಸ್ಟೀರಿಂಗಿಗೆ ಬಡಿಯಿತು ಎಂದು ನಾನೇ ಎಲ್ಲರಿಗೂ ಹೇಳಿದ್ದೆ. ಹಿಂದಿನ ಸೀಟಿನಲ್ಲಿ ನಾನಿದ್ದೆ. ನಾಯಿ ಇರಲಿಲ್ಲ ಅಕ್ಕ. ರಸ್ತೆಗೆ ಹಾಕಿದ ಡಾಂಬರಿನ ತೇಪೆಯೊಂದಿತ್ತು. ಅಮ್ಮ ಅದನ್ನು ಮಗು ಎಂದುಕೊಂಡಳು. ಆ ನರ್ಸು ಕೈಯಲ್ಲಿ ಹಲ್ಲು ಹಿಡಿದುಕೊಂಡು ಅಮ್ಮನನ್ನೇ ಸಮಾಧಾನ ಮಾಡುತ್ತಿದ್ದಳು.

ಎರಡನೇ ಬ್ರೇಕು ಬಿಚ್ಚಿದವಳು ನಾನು. ಒಂದು ಬುಧವಾರ, ಯಾರೂ ಇಲ್ಲದಾಗ. ಮೇಷ್ಟ್ರಿಗೆ ಮೊದಲೇ ಹೇಳಿದ್ದೆ, ಅದು ಹೇಗೂ ಮೂಲದಲ್ಲಿಲ್ಲವಲ್ಲ, ನಿಮಗೆ ಸಂತೋಷವೇ ಅಲ್ಲವೇ ಎಂದು. ಒಂದು ತಿರುಪಿಗೂ ಸೋಲದ ಮನುಷ್ಯ, "ಅದೊಂದು ಇರ್ಲಿ ಮಗೂ. ಅದು ಗಾಡೀದಲ್ಲ, ನಿಮ್ಮಮ್ಮಂದು" ಎಂದಿದ್ದರು. ನಾನು ಕೇಳಲಿಲ್ಲ. ಆದರೆ ಚೀಟಿಯಲ್ಲಿ ಸುಳ್ಳು ಬರೆಯಲು ಯಾಕೋ ಕೈ ಬರಲಿಲ್ಲ. ಅದರಲ್ಲಿ ಇರುವುದು ಇಷ್ಟು: "ಯಾರು: ನಾನು. ಯಾಕೆ: ಅಮ್ಮನ ಕಾಲಿಗೆ ಹೆದರಿ." ಮುಂದಿನ ಭಾನುವಾರ ಮೇಷ್ಟ್ರು ಅದನ್ನು ಓದಿದರು. ಕೆಂಪು ಶಾಯಿ ಮುಟ್ಟಿಸಲಿಲ್ಲ. ಶೆಲ್ಫಿನ ಹಿಂದಕ್ಕೆ ಸರಿಸಿಟ್ಟರು.

ಅವತ್ತು ಅಂಗಳದಲ್ಲಿ ಆ ಚೀಲ ನಿಜವಾಗಿಯೂ ಇತ್ತು. ನನಗಿಂತ ಮೊದಲು ಕಂಡದ್ದು ಅವಳಿಗೆ.

ಬ್ರೇಕು ಈಗ ಅವಳ ಮಂಚದ ಪಕ್ಕದ ಸ್ಟೂಲಿನ ಮೇಲಿದೆ, ಚೀಟಿ ಹಾಗೇ ಇದೆ. ನಿನ್ನೆ ಹಲ್ಲಿನ ಡಾಕ್ಟರು ನೋಡಿಕೊಂಡು ಹೋಗಲು ಬಂದು ಅದರ ಮಗ್ಗುಲಲ್ಲೇ ಅರ್ಧ ಗಂಟೆ ಕೂತಿದ್ದರು. ಓದಿ ಎಂದು ಅಮ್ಮ ಕೇಳಬಹುದಿತ್ತು. ಚೀಟಿಯ ಮೇಲೆ ಅಂಗೈ ಇಟ್ಟುಕೊಂಡು ಮಾತಾಡಿದಳು. ಅವರು ಹೋದ ಮೇಲೆ ನನಗೆ ಹೇಳಿದಳು, "ನಿಮ್ಮಕ್ಕ ಬರ್ಲಿ, ಇನ್ನೊಂದ್ಸಲ ಓದಿಸ್ತೀನಿ." ಅಷ್ಟು ದಪ್ಪ ಅಕ್ಷರ ಅವಳ ಓರೆಗಣ್ಣಿಗೆ ಕಾಣುತ್ತದೋ ಏನೋ. ಕೇಳುವ ಧೈರ್ಯ ನನಗಿಲ್ಲ.

ನೀನು ಬರುವುದರೊಳಗೆ ನಾನೇ ಹೇಳಿದ್ದರೆ ಸರಿ. ದಿನಾ ಬೆಳಿಗ್ಗೆ ಅವಳ ಕೋಣೆಯ ಬಾಗಿಲವರೆಗೆ ಹೋಗುತ್ತೇನೆ, "ಏನೇ?" ಎನ್ನುತ್ತಾಳೆ, "ಅಂಗಡಿಗೆ ಹೊರಟೆ" ಎಂದು ಬರುತ್ತೇನೆ. ಹೇಳಿರದಿದ್ದರೆ, ಅವಳು ಅದನ್ನು ನಿನ್ನ ಕೈಗೆ ಕೊಟ್ಟಾಗ ನನ್ನ ಮುಖ ನೋಡಬೇಡ, ಇದ್ದದ್ದನ್ನು ಇದ್ದ ಹಾಗೆ ಓದು.